ಕಪ್ಪೆಯ ಕಾಲಿಗೆ ಮಲ್ಲಿಗೆಯ ಗಂಟು

ಲವೀನಕ್ಕಾ, ಆ ಎರಡು ಕಪ್ಪೆಗಳ ಚೀಟಿ ಅದಲುಬದಲು ಮಾಡಿದ್ದು ನಾನು. ನೀವಲ್ಲ. ಒಂಬತ್ತು ವರ್ಷ ಈ ಮಾತನ್ನು ನುಂಗಿಕೊಂಡು ಕೂತಿದ್ದೆ.

ನಿಮಗೆ ಗೊತ್ತಿರುವುದನ್ನೂ ಸೇರಿಸಿ ಎಲ್ಲವನ್ನೂ ಹೇಳುತ್ತೇನೆ—ಒಮ್ಮೆಯಾದರೂ ನನ್ನ ಬಾಯಿಂದಲೇ ಬರಬೇಕು. ಟಾಂಜಾನಿಯಾದ ಬೆಟ್ಟದಿಂದ ನೀವು ತಂದದ್ದು ಒಂದೇ ಒಂದು ಕಪ್ಪೆ. ಅದು ಹೊಸ ಪ್ರಭೇದ ಎಂದು ನಿಮ್ಮ ವಾದ. ಆ ಬೆಟ್ಟದ ಜನ ಕರೆಯುವ ಹೆಸರನ್ನೇ ಅದಕ್ಕಿಡಬೇಕೆಂದು ನಿಮ್ಮ ಆಸೆ. ಬರ್ಲಿನ್ನಿನ ನಮ್ಮ ಲ್ಯಾಬಿನಲ್ಲಿ ಅದರ ಫೋಟೊ ತೆಗೆಯುವುದಷ್ಟೇ ನನ್ನ ಕೆಲಸ. ಸ್ಪಿರಿಟ್ಟಿನಲ್ಲಿಟ್ಟ ಕಪ್ಪೆಯ ಕಾಲಿಗೆ ಕಟ್ಟಿದ ನಂಬರಿನ ಚೀಟಿಯನ್ನು ಯಾವ ಕಾರಣಕ್ಕೂ ಬಿಚ್ಚಬಾರದು—ಮೊದಲ ದಿನ ನೀವೇ ಕಲಿಸಿದ್ದು. ದಾರ ಚಿತ್ರದಲ್ಲಿ ಅಡ್ಡ ಬರುತ್ತದೆಂದು ಬಿಚ್ಚಿದೆ. ಪಕ್ಕದಲ್ಲಿದ್ದ, ನೋಡಲು ಅದರಂತೆಯೇ ಇದ್ದ ಬಯಲಿನ ಮಾಮೂಲಿ ಕಪ್ಪೆಯದ್ದನ್ನೂ ಬಿಚ್ಚಿದೆ. ಊಟಕ್ಕೆ ಹೋಗುವ ಅವಸರದಲ್ಲಿ ಮತ್ತೆ ಕಟ್ಟಿದೆ. ಅದಕ್ಕಿಂತ ದೊಡ್ಡ ಕಾರಣವೇನೂ ಇರಲಿಲ್ಲ.

ನೀವು ಅಳತೆ ತೆಗೆದದ್ದು ಆಮೇಲೆ. ಬೆಟ್ಟದಲ್ಲೇ ತೆಗೆದಿಟ್ಟಿದ್ದ ಡಿಎನ್‌ಎ ಒಂದು ಹೇಳಿತು, ಆ ನಂಬರಿನ ದೇಹ ಇನ್ನೊಂದು. ಲೇಖನ ವಾಪಸು ಬಂತು. ಬೇಕೆಂದೇ ಅಂಕಿಗಳನ್ನು ತಿರುಚಿದ್ದಾಳೆ ಎಂಬ ಗುಸುಗುಸು ಹಬ್ಬಿತು. ಆಗ ನೀವು ನನ್ನ ಮೇಜಿನ ಬಳಿ ಬಂದು ನಿಂತಿರಿ.

"ಮಾರಾಯಾ, ನೀನು ಎಲ್ಲಿಯಾದ್ರೂ ಚೀಟಿ ಬಿಚ್ಚಿದ್ದುಂಟಾ? ಬಿಚ್ಚಿದ್ರೆ ಹೇಳು, ನಾನು ಬೈಯುದಿಲ್ಲ."

"ಇಲ್ಲ ಅಕ್ಕ. ನಾನು ಮುಟ್ಲೇ ಇಲ್ಲ."

ನೀವು ನಂಬಿದಿರಿ—ನಮ್ಮೂರ ಕಡೆಯ ಹುಡುಗ ಅಂತ.

ಆ ಸಂಜೆ ಬಾಟಲಿಗಳನ್ನು ತೆರೆದು ನೋಡಿದೆ. ಎರಡೂ ಕಪ್ಪೆಗಳ ಕಾಲಿನಲ್ಲಿ ನನ್ನದೇ ಗಂಟು. ಶಂಕರಪುರದ ಮನೆಯಲ್ಲಿ ಅಮ್ಮನ ಜೊತೆ ಬಾಳೆ ನಾರಿನಿಂದ ಮಲ್ಲಿಗೆ ಕಟ್ಟಿ ಕಟ್ಟಿ ಕೈಗೆ ಕೂತದ್ದು; ಇಡೀ ಲ್ಯಾಬಿನಲ್ಲಿ ಬೇರೆ ಯಾರಿಗೂ ಬಾರದ್ದು. ಆಗಲಾದರೂ ಓಡಿ ಬಂದು ಹೇಳಬಹುದಿತ್ತು. ನಾನು—ಕತ್ತರಿ ತಂದು ಎರಡನ್ನೂ ಕತ್ತರಿಸಿದೆ. ಸಾದಾ ಗಂಟು ಹಾಕಿ, ಚೀಟಿಗಳನ್ನು ತಪ್ಪಾಗಿಯೇ ಉಳಿಸಿದೆ. ಮೊದಲನೆಯದನ್ನು ಅಜಾಗರೂಕತೆ ಎನ್ನಬಹುದು. ಇದನ್ನಲ್ಲ.

ನಿಮ್ಮ ಕೆಲಸದ ಒಪ್ಪಂದ, ಇಲ್ಲಿನವರ ಫೆರ್ಟ್ರಾಗ್, ಮುಂದುವರಿಯಲಿಲ್ಲ, ವೀಸಾ ಮುಗಿಯಿತು. ವಿಮಾನ ನಿಲ್ದಾಣದ ತನಕ ನಿಮ್ಮ ಸೂಟ್‌ಕೇಸ್ ಎಳೆದುಕೊಂಡು ಬಂದವನೂ ನಾನೇ. "ಒಳ್ಳೇ ಹುಡುಗ ನೀನು" ಅಂದಿರಿ. ನಿಮ್ಮ ಜಾಗ ನನಗೆ ಸಿಕ್ಕಿತು.

ಈ ವರ್ಷ ಬೇರೊಂದು ತಂಡ ಅದೇ ಬೆಟ್ಟದ ಕಪ್ಪೆಯನ್ನು ಹೊಸ ಪ್ರಭೇದವೆಂದು ಪ್ರಕಟಿಸಿತು, ತನಗೆ ತೋಚಿದ ಹೆಸರಿಟ್ಟು. ನೀವು ಹೇಳಿದ್ದೇ ಸರಿಯಿತ್ತು. ಆದರೆ ಮೊದಲು ಪ್ರಕಟವಾದ ಹೆಸರೇ ಕಾಯಂ. ನಾನು ಈಗ ಏನು ಒಪ್ಪಿಕೊಂಡರೂ ಅದು ಬದಲಾಗುವುದಿಲ್ಲ.

ಈ ಪತ್ರದ ಪ್ರತಿ ಲ್ಯಾಬಿನ ನಿರ್ದೇಶಕರಿಗೂ ಹೋಗಿದೆ. ನಿನ್ನೆ ಚೀಟಿಗಳನ್ನು ಸರಿಯಾದ ಕಾಲುಗಳಿಗೆ ಕಟ್ಟಿದೆ. ಮಾಡಿದ್ದನ್ನೆಲ್ಲ ನನ್ನ ಹೆಸರಿನ ಸಮೇತ ಇನ್ನೊಂದು ಚೀಟಿಯಲ್ಲಿ ಬರೆದು ನಿಮ್ಮ ಕಪ್ಪೆಯ ಬಾಟಲಿಯೊಳಗೆ ಹಾಕಿದೆ—ಪೆನ್ಸಿಲಿನಲ್ಲಿ, ಸ್ಪಿರಿಟ್ಟಿನಲ್ಲಿ ಅದು ಅಳಿಯುವುದಿಲ್ಲ. ಗಂಟು ಮಾತ್ರ ಈ ಸಲ ಮಲ್ಲಿಗೆಯದ್ದೇ. ಯಾರ ಕೈ ಎಂದು ನೋಡಿದವರಿಗೆ ಗೊತ್ತಾಗಲಿ.