ಸೀಲು ಒಡೆಯದ ತಮಿಳು ಕ್ಯಾಸೆಟ್ಟು

ಹೊಸ ತಮಿಳು ಕ್ಯಾಸೆಟ್ಟು ಕೇಳುವುದಕ್ಕೆ ನಮ್ಮ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಅದನ್ನು ಮಾಡಿದವಳು ನನ್ನ ಅಕ್ಕ. ಕ್ಯಾಸೆಟ್ಟಿನ ಮೇಲಿನ ತೆಳು ಪ್ಲಾಸ್ಟಿಕ್ಕನ್ನು ಅವಳೇ ಉಗುರಿನಿಂದ ಸೀಳಬೇಕು. ಮೊದಲ ಸಲ ಹಾಕುವಾಗ ಮನೆಯವರೆಲ್ಲ ಎದುರಿಗಿರಬೇಕು. ಒಂದು ಬದಿ ಮುಗಿಯುವ ತನಕ ಯಾರೂ ಬಾಯಿ ಬಿಡಬಾರದು. ಆಮೇಲೆ ಕಾಫಿ, ಆಮೇಲೆ ಇನ್ನೊಂದು ಬದಿ.

ನಮಗ್ಯಾರಿಗೂ ತಮಿಳು ಬರುತ್ತಿರಲಿಲ್ಲ. ಅಪ್ಪ ತುಮಕೂರು ಕಡೆಯವರು, ಬ್ಯಾಂಕಿನ ಗುಮಾಸ್ತರಾಗಿ ವಿಶಾಖಪಟ್ಟಣಕ್ಕೆ ಬಂದವರು ಇಲ್ಲಿನ ಹುಡುಗಿಯನ್ನೇ ಮದುವೆಯಾಗಿ ಉಳಿದುಬಿಟ್ಟರು. ಅಡುಗೆಮನೆಯಲ್ಲಿ ಅಮ್ಮನ ತೆಲುಗು, ಅಪ್ಪನ ಮುಂದೆ ಕನ್ನಡ. ಮದರಾಸಿನಿಂದ ಬರುವ ಹಾಡುಗಳು ಕೆಲವು ತಿಂಗಳಾದ ಮೇಲೆ ತೆಲುಗಿನಲ್ಲೂ ಬರುತ್ತಿದ್ದವು. ಅಲ್ಲಿಯವರೆಗೆ ಕಾಯಬಾರದಾ ಅಂತ ನಾನೇ ಒಮ್ಮೆ ಕೇಳಿದ್ದೆ.

"ತೆಲುಗಲ್ಲಾದ್ರೆ ಮಾತು ಕೇಳ್ಸುತ್ತೆ ಕಣೋ, ಹಾಡು ಕೇಳ್ಸಲ್ಲ. ಅರ್ಥ ಆಗ್ಬಾರ್ದು, ಸುಮ್ನಿರು" ಅಂದಳು.

"ಪರೀಕ್ಷೇಲಿ ನಂಗೂ ಹಾಗೇ ಆಗ್ತಿತ್ತು" ಅಂದೆ. ಎಂಟನೇ ತರಗತಿಗೇ ಶಾಲೆ ಬಿಟ್ಟವನು ನಾನು. ಅಕ್ಕ ನಕ್ಕು ನನ್ನ ತಲೆಗೆ ಮೊಟಕಿದಳು.

ಮನೆಯ ಹಳೇ ಟೇಪ್ ರೆಕಾರ್ಡರ್ ಕೆಟ್ಟು ಮೂಲೆ ಸೇರಿತ್ತು. ಅವಳ ಮದುವೆ ಗೊತ್ತಾದಾಗ ಅಪ್ಪ, ಬಂದರಿನ ಹತ್ತಿರ ಹಡಗಿನವರಿಂದ ಸಾಮಾನು ಕೊಂಡು ಮಾರುತ್ತಿದ್ದವನ ಬಳಿಯಿಂದ ಎರಡು ಸ್ಪೀಕರಿನ ಜಪಾನಿ ಟೇಪ್ ರೆಕಾರ್ಡರ್ ತಂದರು. ಅದು ಅಕ್ಕನಿಗೆ. ಆದರೆ ವಿಜಯವಾಡದಲ್ಲಿ ಅತ್ತೆಮನೆ ಚಿಕ್ಕದು, ಮಾವನವರು ಹಾಸಿಗೆ ಹಿಡಿದಿದ್ದರು, ಸದ್ದಾಗಬಾರದು. "ಬೇರೆ ಮನೆ ಮಾಡಿದಾಗ ತಗೊಂಡ್ಹೋಗ್ತೀನಿ. ಅಲ್ಲಿ ತನಕ ಇವನು ನೋಡ್ಕೊಳ್ಲಿ" ಅಂತ ನನ್ನ ಕೈಗೆ ಕೊಟ್ಟು ಹೋದಳು.

ನೋಡಿಕೊಂಡೆ. ಬಹಳ ಚೆನ್ನಾಗಿಯೇ ನೋಡಿಕೊಂಡೆ.

ಅನಕಾಪಲ್ಲಿಯಿಂದ ಬೆಲ್ಲ ಸಾಗಿಸುವ ವ್ಯಾನಿನಲ್ಲಿ ನಾನು ಕ್ಲೀನರ್ ಆಗಿದ್ದೆ. ಮೈಯೆಲ್ಲ ಅಂಟಂಟು, ನೊಣ ಮುತ್ತಿಸಿಕೊಂಡು ಮನೆಗೆ ಬಂದು, ಸ್ನಾನ ಮಾಡಿ, ಆ ಪೆಟ್ಟಿಗೆಯ ಮುಂದೆ ಕೂತರೆ ನಾನು ಬೇರೆಯೇ ಮನುಷ್ಯ. ಅದಿಲ್ಲದ ಸಂಜೆಯನ್ನು ಯೋಚಿಸುವುದಕ್ಕೂ ಆಗದಂತಾಯಿತು. ಅಕ್ಕ ಬಂದಾಗೆಲ್ಲ ವಿಜಯವಾಡದಲ್ಲಿ ಕೊಂಡ ಹೊಸ ಕ್ಯಾಸೆಟ್ಟನ್ನು ಸೀಲು ಒಡೆಯದೆ ಸೀರೆಗಳ ನಡುವೆ ಇಟ್ಟು ತರುತ್ತಿದ್ದಳು. ಕೇಳಲಾಗದ ಹಾಡುಗಳನ್ನು ತಿಂಗಳುಗಟ್ಟಲೆ ಬೀರುವಿನಲ್ಲಿಟ್ಟುಕೊಂಡು, ಮೇಲಿನ ಚಿತ್ರ ನೋಡುತ್ತ ಹೇಗೆ ಇರುತ್ತಿದ್ದಳೋ.

ಅಪ್ಪ ತೀರಿಕೊಂಡ ಮೇಲಿನ ಮಾತು. ಭಾವ ಬೇರೆ ಮನೆ ಮಾಡಿದರು. ಅಕ್ಕ ಬರುವ ಸುದ್ದಿ ತಿಳಿದದ್ದೇ ನಾನು ಟೇಪ್ ರೆಕಾರ್ಡರನ್ನು ಹಳೆ ಪಂಚೆಯಲ್ಲಿ ಸುತ್ತಿ ಸ್ನೇಹಿತನ ಮನೆಯಲ್ಲಿಟ್ಟು ಬಂದೆ.

"ಎಲ್ಲೋ ಅದು?" ಬಂದವಳೇ ಬರಿದಾದ ಮೇಜು ನೋಡಿದಳು.

"ಹೆಡ್ ಹೋಗಿದೆ ಅಕ್ಕ. ರಿಪೇರಿಗೆ ಕೊಟ್ಟಿದೀನಿ. ಫಾರಿನ್ ಮಾಲು, ಪಾರ್ಟು ಸಿಕ್ತಿಲ್ಲ."

ಅಮ್ಮ ನನ್ನ ಮುಖ ನೋಡಿ ಒಳಗೆ ಹೋದರು. ಅಕ್ಕ ಬೈಯಲಿಲ್ಲ. ಹೊರಡುವ ದಿನ ತಂದಿದ್ದ ಕ್ಯಾಸೆಟ್ಟನ್ನು ಹಾಗೇ ನನ್ನ ಕೈಗಿತ್ತಳು. "ಸರಿಹೋದ್ಮೇಲೆ ನೀನಾದ್ರೂ ಕೇಳು. ಹೇಗಿದೆ ಅಂತ ಹೇಳು."

ರೈಲು ಹತ್ತಿಸಿ ಬಂದವನು ನೇರ ಸ್ನೇಹಿತನ ಮನೆಗೆ ಹೋದೆ. ಪೆಟ್ಟಿಗೆ ತಂದು, ಸೀಲನ್ನು ನನ್ನ ಉಗುರಿನಿಂದಲೇ ಸೀಳಿದೆ.

ಆ ದಿನ ಕೇಳಿದ್ದನ್ನು ನನಗೆ ಸರಿಯಾಗಿ ಹೇಳಲು ಬರುವುದಿಲ್ಲ. ಅಂಥ ಸದ್ದುಗಳು ಲೋಕದಲ್ಲಿವೆ ಅಂತಲೇ ನನಗೆ ಗೊತ್ತಿರಲಿಲ್ಲ. ತಮಟೆ ನೆಲದ ಅಡಿಯಿಂದ ಬರುತ್ತಿತ್ತು. ಒಂದು ದನಿ ಬಲ ಸ್ಪೀಕರಿನಿಂದ ಹೊರಟು ಕೋಣೆ ದಾಟಿ ಎಡಕ್ಕೆ ಹೋಗುತ್ತಿತ್ತು. ಒಂದು ಹಾಡಿನ ನಡುವೆ ಎಲ್ಲ ವಾದ್ಯಗಳೂ ನಿಂತುಬಿಟ್ಟವು. ಟೇಪು ಸಿಕ್ಕಿಕೊಂಡಿತು ಅಂದುಕೊಂಡು ಗುಂಡಿ ಒತ್ತಲು ಹೋದೆ. ಆಗ ಬಂತು ಕೊಳಲು. ಎಷ್ಟು ಮೆಲ್ಲಗೆ ಅಂದರೆ, ಮೊದಲು ಕೇಳಿಸಿದ್ದು ಊದುವವನ ಉಸಿರು, ಆಮೇಲೆ ಸ್ವರ. ಚಾಚಿದ ಕೈ ಹಾಗೇ ಇತ್ತು. ದೇವಸ್ಥಾನದಲ್ಲೂ ನಾನು ಹಾಗೆ ನಿಂತವನಲ್ಲ. ಅಕ್ಕ ಪಕ್ಕದಲ್ಲಿರಬೇಕಿತ್ತು ಅನ್ನಿಸಿತು. ಅನ್ನಿಸಿದ್ದು ನಿಜ. ಆದರೂ ಕ್ಯಾಸೆಟ್ಟು ತಿರುಗಿಸಿ ಇನ್ನೊಂದು ಬದಿ ಹಾಕಿದೆ.

ಅದೇ ಬೇಸಿಗೆಯಲ್ಲಿ ಬೆಲ್ಲದ ಲೋಡು ವಿಜಯವಾಡಕ್ಕೆ ಹೋಯಿತು. ಮೂಟೆ ಇಳಿಸುವಷ್ಟರಲ್ಲಿ ಟೀ ಕುಡಿಯೋಣವೆಂದು ಕಾಲುವೆ ಪಕ್ಕದ ರಸ್ತೆಗೆ ಬಂದೆ. ಒಂದು ಕ್ಯಾಸೆಟ್ ಅಂಗಡಿ ರಸ್ತೆಗೆ ಮುಖಮಾಡಿ ಸ್ಪೀಕರಿಟ್ಟಿತ್ತು. ಅದರಲ್ಲಿ ಅದೇ ಹಾಡುಗಳು. ಎದುರಿನ ಬಸ್ ಸ್ಟಾಪಿನಲ್ಲಿ ಅಕ್ಕ ನಿಂತಿದ್ದಳು.

ಕೈಯಲ್ಲಿ ತರಕಾರಿ ಚೀಲ. ಬಸ್ಸು ಬಂತು, ಹತ್ತಲಿಲ್ಲ. ಇನ್ನೊಂದು ಬಂತು. "ಎಕ್ಕಂಡಮ್ಮಾ, ಎಕ್ಕಂಡಿ!" ಅಂತ ಕಂಡಕ್ಟರ್ ಹತ್ತಲು ಕರೆದ. ಇವಳು ಇದಲ್ಲ ಅನ್ನುವಂತೆ ಕೈಯಾಡಿಸಿದಳು. ಬಿಸಿಲಿಗೆ ಸೆರಗು ತಲೆ ಮೇಲಿತ್ತು. ಮುಖ ಮಾತ್ರ, ಚಿಕ್ಕಂದಿನಲ್ಲಿ ಮೊದಲ ಸಲ ಹಡಗು ಕಂಡಾಗ ಹೇಗಿತ್ತೋ ಹಾಗೆ. ಆ ಹಾಡು ಬಂತು. ವಾದ್ಯಗಳೆಲ್ಲ ನಿಲ್ಲುವ ಜಾಗಕ್ಕೂ ಬಂತು. ನಾನು ಉಸಿರು ಹಿಡಿದೆ. ಅಷ್ಟರಲ್ಲಿ ಲಾರಿಯೊಂದು ಹಾರ್ನ್ ಬಾರಿಸುತ್ತ ಹೋಯಿತು, ಹಿಂದೆಯೇ ಬಸ್ಸು. ಸದ್ದು ಅಡಗುವ ಹೊತ್ತಿಗೆ ಹಾಡುಗಾರ ಮುಂದಿನ ಸಾಲಿನಲ್ಲಿದ್ದ. ಏನು ಹೋಯಿತೆಂದು ಅವಳಿಗೆ ತಿಳಿಯಲೇ ಇಲ್ಲ.

ನಾನು ಅವಳನ್ನು ಕೂಗಲಿಲ್ಲ. ಟೀ ಲೋಟ ಇಟ್ಟು, ಗೋಡೆ ಬದಿಯಿಂದ ವ್ಯಾನಿಗೆ ವಾಪಸಾದೆ.

ಊರಿಗೆ ಬಂದವನು ಮರುದಿನವೇ ಪೆಟ್ಟಿಗೆ ಕೊಂಡೊಯ್ದು ಕೊಟ್ಟೆ ಅಂತ ಬರೆಯುವ ಆಸೆ ನನಗೂ ಇದೆ. ಮತ್ತೊಂದು ಬೇಸಿಗೆ ಬರುವ ತನಕ ಕೊಡಲಿಲ್ಲ. ಆದರೆ ಕೊಳಲು ಬರುವ ಜಾಗದಲ್ಲಿ ಲಾರಿಯ ಹಾರ್ನೇ ಕಿವಿಯಲ್ಲಿ ಕೂತುಬಿಟ್ಟಿತ್ತು. ಕೊನೆಗೆ ಒಂದು ಮುಂಜಾನೆ ಅದನ್ನು ತೊಡೆ ಮೇಲಿಟ್ಟುಕೊಂಡು ವಿಜಯವಾಡದ ರೈಲು ಹತ್ತಿದೆ.

ಅವಳ ಕ್ಯಾಸೆಟ್ಟು ನನ್ನ ಕೈಯಲ್ಲಿ ಸವೆದು ದನಿ ಅಲುಗುತ್ತಿತ್ತು. ಅದನ್ನು ಮನೆಯಲ್ಲೇ ಬಿಟ್ಟು, ಕಾಲುವೆ ಪಕ್ಕದ ಅದೇ ಅಂಗಡಿಯಲ್ಲಿ ಅಂಥದೇ ಹೊಸದು ಕೊಂಡುಕೊಂಡೆ.

ಅಕ್ಕ ಸ್ಪೀಕರುಗಳ ಮೇಲೆ ಕೈಯಾಡಿಸಿದಳು. "ಪಾರ್ಟು ಸಿಕ್ತಾ?"

"ಹ್ಞೂಂ."

ಆಮೇಲೆ ಕ್ಯಾಸೆಟ್ಟು ನೋಡಿದಳು. ಸೀಲು ಹಾಗೇ ಇತ್ತು. "ಅಯ್ಯೋ, ನೀನು ಒಡೆದೇ ಇಲ್ವಾ? ಇಷ್ಟು ದಿನ ನಂಗೋಸ್ಕರ ಇಟ್ಟಿದ್ಯೇನೋ?" ಅವಳ ಕಣ್ಣು ತುಂಬಿತು. ನಾನು ತಲೆ ತಗ್ಗಿಸಿದೆ. ಅದನ್ನು ಅವಳು ಸಂಕೋಚ ಅಂದುಕೊಂಡಳು.

ಉಗುರಿನಿಂದ ಪ್ಲಾಸ್ಟಿಕ್ ಸೀಳಿದಳು. ಭಾವನನ್ನು ಕರೆದು ಕೂರಿಸಿದಳು, ಮಾತಾಡಬಾರದು ಅಂದಳು. ಆ ಹಾಡು ಬಂತು. ವಾದ್ಯಗಳು ನಿಂತವು. ಉಸಿರು, ಆಮೇಲೆ ಸ್ವರ. ತಾನೇ ಮಾಡಿದ ಕಟ್ಟಳೆಯನ್ನು ಅಕ್ಕ ಮೊದಲ ಸಲ ಮುರಿದಳು.

"ಇಲ್ಲಿ ಕೊಳಲಿದೆ! ರಸ್ತೇಲಿ ಎಷ್ಟು ಸಲ ಕೇಳಿದೀನಿ, ಇಲ್ಲಿ ಏನೂ ಇಲ್ಲ ಅಂದ್ಕೊಂಡಿದ್ದೆ ಕಣೋ. ನಿಂಗೆ ಗೊತ್ತಿತ್ತಾ?"

"ಇಲ್ಲ ಅಕ್ಕ" ಅಂದೆ.

"ಹಾಗಾದ್ರೆ ಇಬ್ರೂ ಒಟ್ಟಿಗೇ ಕೇಳಿದ ಹಾಗಾಯ್ತು" ಅಂತ ನನ್ನ ಕೈ ಹಿಡಿದುಕೊಂಡಳು. ಇನ್ನೊಂದು ಕೈಯಿಂದ ಟೇಪನ್ನು ಹಿಂದಕ್ಕೆ ಸುತ್ತಿ, ಕೊಳಲು ಬರುವುದಕ್ಕೆ ಮತ್ತೆ ಕಾಯತೊಡಗಿದಳು.