ಕಾರಂಜಿಯ ಹೊಟ್ಟೆಯಲ್ಲಿ ಹಾಲು ನಿಂತದ್ದು

ಮಗು ಕಕ್ಕಿದ ಹಾಲು ಎದುರು ಗೋಡೆಯ ಕ್ಯಾಲೆಂಡರಿಗೆ ಹೋಗಿ ಬಡಿದ ದಿನ ಅದರ ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. "ನಮ್ಮನೇಲಿ ಕಾರಂಜಿ ಹುಟ್ಟಿದೆ ಕಣೇ!" ಎಂದ. ಅವನು ಲಿಫ್ಟ್ ರಿಪೇರಿ ಮಾಡುವವನು. ಕೆಳಗಿದ್ದದ್ದು ಸರ್ರನೆ ಮೇಲಕ್ಕೆ ಬರುವುದು ಅವನಿಗೇನೂ ಹೊಸದಲ್ಲ. ಅಂದಿನಿಂದ ಆ ಹೆಣ್ಣುಮಗುವಿಗೆ ಮನೆಯಲ್ಲೂ ಬೀದಿಯಲ್ಲೂ ಕಾರಂಜಿ ಎಂದೇ ಹೆಸರಾಯಿತು.

ಆದರೆ ನಗು ಬಹಳ ದಿನ ಉಳಿಯಲಿಲ್ಲ. ಕಾರಂಜಿ ಮೊಲೆಗೆ ಬಾಯಿ ಹಚ್ಚುತ್ತಿದ್ದಳು, ನಾಲ್ಕು ಗುಟುಕು ಕುಡಿಯುತ್ತಿದ್ದಳು, ತಕ್ಷಣ ಬಿಲ್ಲಿನ ಹಾಗೆ ಬೆನ್ನು ಬಾಗಿಸಿ ಕಿರಿಚುತ್ತಿದ್ದಳು. ಹಸಿವು ತಡೆಯದೆ ಮತ್ತೆ ಬಾಯಿ ಹಾಕುವುದು, ಉರಿ ತಡೆಯದೆ ಮತ್ತೆ ತಲೆ ತಿರುಗಿಸುವುದು. ಕುಡಿದದ್ದರಲ್ಲಿ ಬಹುಪಾಲು ಅಮ್ಮನ ಹೆಗಲ ಮೇಲೆ.

ಆ ಅಮ್ಮನನ್ನು ಎಲ್ಲರೂ ಪಾರ್ಲರಕ್ಕ ಅನ್ನುತ್ತಿದ್ದರು. ಮನೆ ಮಹಡಿಯ ಮೇಲೆ, ಕೆಳಗೆ ಅವಳ ಬ್ಯೂಟಿ ಪಾರ್ಲರ್. ಎಂಥ ಸಿಕ್ಕುಗಟ್ಟಿದ ಕೂದಲಿಗೂ ಸೋಲದ ಹೆಂಗಸು, ಅಂಗೈಯಗಲದ ಹೊಟ್ಟೆಯ ಮುಂದೆ ಸೋತು ಕೂತಿದ್ದಳು.

ಮಕ್ಕಳ ಡಾಕ್ಟರಮ್ಮ ತೂಕ ನೋಡಿ ಹುಬ್ಬು ಗಂಟಿಕ್ಕಿದರು. ಹೋದ ಸಲ ಎಷ್ಟಿತ್ತೋ ಅಷ್ಟೇ, ಒಂದು ಗುಲಗಂಜಿಯಷ್ಟೂ ಏರಿಲ್ಲ.

"ಹೊಟ್ಟೆಲಿರೋ ಹುಳಿ ಗಂಟಲಿಗೆ ಬರ್ತಿದೆ. ಪಾಪ, ಉರಿಯತ್ತೆ, ಅದಕ್ಕೇ ಕುಡಿಯೋಕೆ ಹೆದರ್ತಾಳೆ. ಔಷಧಿ ಕೊಡ್ತೀನಿ. ನಿಮ್ಮ ಹಾಲು ನಿಲ್ಲಿಸ್ಬೇಡಿ. ಸ್ವಲ್ಪ ಸ್ವಲ್ಪ, ಆಗಾಗ ಕೊಡಿ. ನೀವು ಹಿಂದಕ್ಕೆ ಒರಗಿ, ಅವಳನ್ನ ಎದೆ ಮೇಲೆ ಬೋರಲು ಹಾಕ್ಕೊಂಡು ಕುಡಿಸಿ. ಕುಡಿದ ಮೇಲೆ ನೆಟ್ಟಗೆ ಎತ್ಕೊಂಡಿರಿ. ಮಲಗಿಸುವಾಗ ಮಾತ್ರ ಅಂಗಾತ. ಮತ್ತೆ, ನೀವು ತಗೊಳ್ಳೋ ಹಸುವಿನ ಹಾಲು ಇವಳಿಗೆ ಒಗ್ತಿಲ್ವೇನೋ, ಕೆಲವು ದಿನ ನೀವು ಹಾಲು, ಮೊಸರು, ಬೆಣ್ಣೆ ಬಿಟ್ಟು ನೋಡೋಣ."

"ತೂಕ ಏರದೇ ಹೋದ್ರೆ, ಮೇಡಂ?"

"ಎರಡು ವಾರ ನೋಡ್ತೀನಿ. ಆಗಲೂ ಏರದಿದ್ರೆ ಆಸ್ಪತ್ರೆಗೆ ಸೇರಿಸಿ, ಮೂಗಿನಿಂದ ಟ್ಯೂಬ್ ಹಾಕ್ಬೇಕಾಗತ್ತೆ."

ಟ್ಯೂಬ್ ಎಂಬ ಮಾತು ಕಿವಿಗೆ ಬಿದ್ದದ್ದೇ ಪಾರ್ಲರಕ್ಕ ಮಗುವಿನ ಮುಖವನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

ಮನೆಯಲ್ಲಿ ಅತ್ತೆ ಕೇಳಿ ಕೆಂಡವಾದರು. ಅತ್ತೆ ಒಂದು ಕಾಲದಲ್ಲಿ ಟೆಲಿಫೋನ್ ಆಪರೇಟರ್. ಅವರು ಮೆಲ್ಲಗೆ ಮಾತಾಡಿದರೂ ಪಕ್ಕದ ಮನೆಯವರು ಉತ್ತರ ಕೊಡಬಹುದಿತ್ತು. "ಬಾಣಂತಿಗೆ ಹಾಲು ಬೇಡ ಅನ್ನೋದು ಯಾವ ಸೀಮೆ ವೈದ್ಯ?" ಎಂದು ಗುಡುಗಿದರು. ಸೊಸೆ ಎದುರಾಡದೆ ಕರಿ ಚಹಾ ಮಾಡಿಕೊಂಡು ಮುಖ ಕಿವುಚಿ ಕುಡಿದಳು. ಮಾರನೆಯ ಬೆಳಿಗ್ಗೆ ನೋಡಿದರೆ ಅತ್ತೆಯ ಲೋಟದಲ್ಲೂ ಕರಿ ಚಹಾ.

"ನಿಮಗ್ಯಾಕೆ ಅತ್ತೆ ಈ ಶಿಕ್ಷೆ?"

"ನಿನ್ನ ಮುಂದೆ ಕೂತು ನಾನು ಕೆನೆಹಾಲಿನ ಚಹಾ ಕುಡೀಲಾ? ಸುಮ್ನೆ ಕುಡಿಯೇ."

ಒರಗಿ ಕುಡಿಸುವುದು ಮಾತ್ರ ಹೇಳಿದಷ್ಟು ಸುಲಭವಾಗಲಿಲ್ಲ. ಬೆನ್ನ ಹಿಂದೆ ದಿಂಬು ಪೇರಿಸಿದರೆ ಒಂದೊಂದೇ ಜಾರಿ ಪಾರ್ಲರಕ್ಕ ಅಂಗಾತ ಬೀಳುತ್ತಿದ್ದಳು. ಗಂಡ ಎಲ್ಲಿಂದಲೋ ಹಲಗೆ ತಂದು, ನಟ್ಟು ಬೋಲ್ಟು ಬಿಗಿದು, ಒರಗುಪೀಠವೊಂದನ್ನು ತಯಾರಿಸಿದ. ಒರಗಿದಾಗಲೆಲ್ಲ ಅದು ಕೀಂಯ್ ಎನ್ನುತ್ತಿತ್ತು. ಕಾರಂಜಿ ಬೆಚ್ಚಿ ಇನ್ನೂ ಜೋರಾಗಿ ಅಳುತ್ತಿದ್ದಳು. ಹಲಗೆ ಅಟ್ಟ ಸೇರಿತು.

ಹೀಗಿರುವಾಗ ಒಂದು ಮಧ್ಯಾಹ್ನ ಪಾರ್ಲರಕ್ಕ ಕೆಳಗೆ ಒಬ್ಬ ಉಪನ್ಯಾಸಕಿಯ ತಲೆಗೆ ಡೈ ಹಚ್ಚಿ ಮುಗಿಸಿದ್ದಳು. ಅಷ್ಟರಲ್ಲಿ ಅತ್ತೆ ಅಳುವ ಮಗುವನ್ನೆತ್ತಿಕೊಂಡು ಮೆಟ್ಟಿಲಿಳಿದು ಬಂದರು. "ನನ್ನ ಕೈಲಾಗಲ್ಲಮ್ಮ, ನೀನೇ ತಗೋ." ಪಾರ್ಲರಕ್ಕ ಕೈಗವಸು ಕಳಚಿ, ಕೈ ಉಜ್ಜಿ ತೊಳೆದು, ಕೂರಲು ಜಾಗ ಹುಡುಕಿದಳು. ಉಪನ್ಯಾಸಕಿ ತಲೆ ತೊಳೆಯುವ ಕುರ್ಚಿಯಿಂದ ಎದ್ದು ನಿಂತರು.

"ಇಲ್ಲಿ ಕೂತ್ಕೊಳ್ಳಿ. ಡೈ ಒಣಗೋವರೆಗೂ ನಾನು ಸ್ಟೂಲ್ ಮೇಲಿರ್ತೀನಿ."

ಪಾರ್ಲರಕ್ಕ ಕೂತು ಪಕ್ಕದ ಹಿಡಿಕೆ ಎಳೆದಳು. ಕುರ್ಚಿ ಮೆತ್ತಗೆ ಹಿಂದಕ್ಕೆ ವಾಲಿ ನಿಂತಿತು. ಕತ್ತಿಗೆ ಆಸರೆ, ಸೊಂಟಕ್ಕೆ ಆಸರೆ, ಕಾಲಿಗೂ ಆಸರೆ. ವರ್ಷಗಟ್ಟಲೆ ಬೇರೆಯವರನ್ನು ಒರಗಿಸಿದ ಕುರ್ಚಿಯಲ್ಲಿ ಅವಳು ಒಮ್ಮೆಯೂ ಒರಗಿರಲಿಲ್ಲ! ಮಗುವನ್ನು ಎದೆಯ ಮೇಲೆ ಬೋರಲು ಹಾಕಿಕೊಂಡಳು. ಕಾರಂಜಿ ಬಿಕ್ಕುತ್ತಲೇ ತಲೆಯೆತ್ತಿ, ಅತ್ತಿತ್ತ ಮೂಗು ತಿಕ್ಕಿ, ತಾನೇ ಹುಡುಕಿಕೊಂಡು ಬಾಯಿ ಹಾಕಿದಳು.

ಗುಟುಕ್. ಗುಟುಕ್. ಗುಟುಕ್.

ಬಾಗುವ ಬೆನ್ನು ಬಾಗಲಿಲ್ಲ. ಮುಷ್ಟಿ ಮೆಲ್ಲಗೆ ಬಿಚ್ಚಿಕೊಂಡು ಅಮ್ಮನ ಕುತ್ತಿಗೆಯ ಮೇಲೆ ಅಂಗೈ ಹರಡಿತು. ಕುಡಿದಾದ ಮೇಲೆ ಅತ್ತೆ ಮಗುವನ್ನು ನೆಟ್ಟಗೆ ಎತ್ತಿ ಹಿಡಿದರು. ಒಂದು ಪುಟ್ಟ ತೇಗು ಬಂತು. ಅಷ್ಟೆ. ಅದರ ಹಿಂದೆ ಏನೂ ಬರಲಿಲ್ಲ.

"ನಿಂತ್ಕೊಳ್ತು ಕಣೇ! ಹೊಟ್ಟೇಲೇ ನಿಂತ್ಕೊಳ್ತು!" ಅತ್ತೆ ಪಿಸುಗುಟ್ಟಲು ಹೋಗಿ ಕೂಗಿಬಿಟ್ಟರು. ಎದುರಿನ ಬೇಕರಿಯವನು ಏನಾಯಿತೋ ಎಂದು ಓಡಿ ಬಂದು ಬಾಗಿಲ ಆಚೆ ನಿಂತ. ಉಪನ್ಯಾಸಕಿ ಚಪ್ಪಾಳೆ ತಟ್ಟಿದರು. ಆಮೇಲೆ ತಟ್ಟನೆ ತಲೆ ಮುಟ್ಟಿಕೊಂಡರು. ಸಡಗರದಲ್ಲಿ ಡೈ ತೊಳೆಯುವುದು ಎಲ್ಲರಿಗೂ ಮರೆತಿತ್ತು. ಅವರ ಕೂದಲು ಕಾಡಿಗೆಗಿಂತ ಕಪ್ಪಾಗಿತ್ತು. "ಹೋಗ್ಲಿ ಬಿಡಿ, ಹತ್ತು ವರ್ಷ ಚಿಕ್ಕವಳಾದೆ," ಎಂದು ನಕ್ಕರು.

ಅಂದೇ ಎಲ್ಲ ಸರಿಹೋಯಿತೆಂದಲ್ಲ. ಕೆಲವು ದಿನ ಮತ್ತೆ ಚಿಮ್ಮುತ್ತಿತ್ತು, ಕೆಲವು ದಿನ ಮತ್ತೆ ಕಿರಿಚಾಟ. ಆದರೆ ಔಷಧಿಯೂ ನಿಧಾನವಾಗಿ ಕೆಲಸ ಮಾಡತೊಡಗಿತು. ಕುರ್ಚಿಯಿದ್ದ ಮೂಲೆಗೆ ಪರದೆ ಕಟ್ಟಿದರು, ಅದು ಅಮ್ಮ-ಮಗಳದಾಯಿತು. ಬಂದವರು ಕಾಯುತ್ತಿದ್ದರು, ಕಾಯಲಾರದವರು ಒದ್ದೆ ತಲೆಯಲ್ಲೇ ಮನೆಗೆ ಹೋಗುತ್ತಿದ್ದರು.

ಎರಡು ವಾರ ಕಳೆಯಿತು. ಡಾಕ್ಟರಮ್ಮನ ಕ್ಲಿನಿಕ್ಕಿನಲ್ಲಿ ತೂಕದ ಯಂತ್ರದ ಸುತ್ತ ಮನೆಯ ಮೂವರೂ ನಿಂತರು. ಕಾರಂಜಿ ಒದ್ದಾಡುತ್ತಿದ್ದಳು, ಅಂಕಿ ಒಂದು ಕಡೆ ನಿಲ್ಲಲೊಲ್ಲದು. ಅದರ ನಡುವೆ ಅವಳ ತುಟಿ ಸೊಟ್ಟಗಾಯಿತು, ಕಣ್ಣು ಅಗಲವಾಯಿತು. ಕಕ್ಕುವ ಮುಂಚಿನ ಆ ಚಿಹ್ನೆ ಪಾರ್ಲರಕ್ಕನಿಗೆ ಚೆನ್ನಾಗಿ ಗೊತ್ತು.

"ಬೇಡ ಬಂಗಾರಿ, ಒಂದೇ ಒಂದು ನಿಮಿಷ ತಡ್ಕೋ!"

"ತಡ್ಕೊಳ್ಳೇ ನನ್ನ ತಾಯಿ!" ಅತ್ತೆಯ ದನಿಗೆ ಹೊರಗೆ ಕಾಯುತ್ತಿದ್ದ ಮಕ್ಕಳೆಲ್ಲ ಗಪ್‌ಚುಪ್ ಆದವು. ಕಾರಂಜಿಯೂ ಬೆರಗಾಗಿ ಅಜ್ಜಿಯನ್ನೇ ನೋಡುತ್ತ ಒದೆಯುವುದನ್ನು ನಿಲ್ಲಿಸಿದಳು. ಅಂಕಿ ನಿಂತಿತು.

ಡಾಕ್ಟರಮ್ಮ ಬಗ್ಗಿ ನೋಡಿದರು. ಕನ್ನಡಕ ಸರಿ ಮಾಡಿಕೊಂಡು ಮತ್ತೆ ನೋಡಿದರು. "ಏರಿದೆ," ಎಂದರು. "ಚೆನ್ನಾಗೇ ಏರಿದೆ! ಟ್ಯೂಬ್ ಬೇಡ. ಹೀಗೇ ಮುಂದುವರಿಸಿ."

ಪಾರ್ಲರಕ್ಕ ನಗುತ್ತ ನಗುತ್ತ ಅತ್ತುಬಿಟ್ಟಳು. ಗಂಡ ಮಗುವನ್ನು ಮೇಲಕ್ಕೆತ್ತಿ ಕುಣಿಸಹೊರಟ, ಹೆಂಡತಿ "ಈಗ ಅಲ್ಲಾಡಿಸ್ಬೇಡ್ರೀ!" ಎನ್ನುವಷ್ಟರಲ್ಲಿ ಅವನ ಅಂಗಿ ತೊಯ್ದುಹೋಯಿತು. ಅವನೋ, ಒರೆಸಿಕೊಳ್ಳದೆ ಹಾಗೆಯೇ ಬೀದಿಯಲ್ಲಿ ಮೆರೆಯುತ್ತ ಮನೆಗೆ ನಡೆದ.

ಕಾರಂಜಿ ಕೂರಲು ಕಲಿತ ಮೇಲೆ ಕಕ್ಕುವುದು ಕಡಿಮೆಯಾಯಿತು, ನಡೆಯತೊಡಗುವ ಹೊತ್ತಿಗೆ ನಿಂತೇ ಹೋಯಿತು. ಔಷಧಿಯನ್ನು ಡಾಕ್ಟರಮ್ಮ ಹಂತಹಂತವಾಗಿ ಬಿಡಿಸಿದರು. ಈಗ ಅವಳು ದಿನವಿಡೀ ಪಾರ್ಲರಿನ ಬಾಚಣಿಗೆಗಳನ್ನು ಚೆಲ್ಲಾಪಿಲ್ಲಿ ಮಾಡಿ, ಅಜ್ಜಿಯ ಕೈಯಿಂದ ತಪ್ಪಿಸಿಕೊಂಡು ಓಡಿ ಬಂದು, ಅಮ್ಮನ ಮಡಿಲೇರಿ ಎರಡು ಗುಟುಕು ಹೀರುತ್ತಾಳೆ. ಬಾಯಿ ಒರೆಸುವಷ್ಟೂ ಪುರುಸೊತ್ತಿಲ್ಲದೆ ಮತ್ತೆ ಇಳಿದು ಓಡುತ್ತಾಳೆ.