ಶನಿವಾರದ ತಾಯಂದಿರು

ಗಂಗಾವತಿಯ ಆ ಓಣಿಯಲ್ಲಿ ಲಲಿತಾಳನ್ನು ಮೊದಲು ಯಾರೂ ಹೆಸರಿನಿಂದ ಗುರುತಿಸುತ್ತಿರಲಿಲ್ಲ. ಮಾತು ಬಾರದ ಹುಡುಗನ ತಾಯಿ ಎಂದರೆ ಸಾಕಿತ್ತು. ಮಗ ಸಿದ್ದೇಶ ಕರೆದರೆ ತಿರುಗುತ್ತಿರಲಿಲ್ಲ, ಜೋರು ಸದ್ದಾದರೆ ಕಿವಿ ಮುಚ್ಚಿಕೊಂಡು ಚೀರುತ್ತಿದ್ದ. ಕೊಪ್ಪಳದ ಆಸ್ಪತ್ರೆಯಲ್ಲಿ ಆಟಿಸಂ ಎಂದರು. ಮದುವೆಗೆ ಕರೆಯಲು ಬಂದವರು, "ಹುಡುಗನ್ನ ಮನ್ಯಾಗ ಬಿಟ್ಟು ಬಾ" ಎನ್ನತೊಡಗಿದರು.

ಅದೇ ಆಸ್ಪತ್ರೆಯ ಬೆಂಚಿನ ಮೇಲೆ ಹುಲಿಹೈದರದ ಕರಿಯವ್ವ ಸಿಕ್ಕಳು. ಆಕೆಯ ಮಗಳಿಗೆ ಮಾತೂ ಇಲ್ಲ, ನಡಿಗೆಯೂ ಇಲ್ಲ. ಎಲ್ಲಿಗೆ ಹೋದರೂ ತಾಯಿಯ ಸೊಂಟವೇ ಗತಿ.

"ಮನ್ಯಾಗ ಅತ್ರ ಅತ್ತಿ ಬೈತಾಳ, ಇಲ್ಲಿ ಅತ್ರ ಮಂದಿ ನೋಡ್ತಾರ. ನಾವು ಅಳೂದರ ಎಲ್ಲಿ ಅಕ್ಕಾ?" ಎಂದು ಕರಿಯವ್ವ ಕೇಳಿದಳು.

ಆ ಮಾತು ಲಲಿತಾಳ ತಲೆಯಿಂದ ಇಳಿಯಲಿಲ್ಲ. ಗಂಡ ಮಲ್ಲೇಶ ಕೆಲಸ ಮಾಡುವ ಅಕ್ಕಿ ಗಿರಣಿಯ ಹಿಂದೆ ಹಳೇ ಗೋದಾಮೊಂದು ಖಾಲಿ ಬಿದ್ದಿತ್ತು. ಮಾಲಕರನ್ನು ಕಾಡಿ ಬೇಡಿ, ಶನಿವಾರ ಮಧ್ಯಾಹ್ನಕ್ಕೆ ಅದನ್ನು ಪಡೆದಳು. ತಾಡಪಾಲು ಹಾಸಿ, ಮನೆಯಿಂದ ಚಹಾ ಕಾಸಿಕೊಂಡು ಹೋಗಿ ಕೂತಳು. ಮೊದಮೊದಲು ಅವರಿಬ್ಬರೇ. ಆಮೇಲೆ ಕುಷ್ಟಗಿಯಿಂದ ಒಬ್ಬಳು, ಕಿನ್ನಾಳದಿಂದ ಒಬ್ಬಳು ಹೀಗೆ ಕೂಡುತ್ತ ಗೋದಾಮು ತುಂಬಿತು. ಮಕ್ಕಳು ತಮಗೆ ತಿಳಿದಂತೆ ಆಡಿದವು, ತಾಯಂದಿರು ಮನಸಾರೆ ಅತ್ತರು, ನಕ್ಕರು. ಯಾರಿಗೆ ಏನೇ ಕಷ್ಟ ಬಂದರೂ "ಲಲಿತಕ್ಕನ್ನ ಕೇಳ್ರಿ" ಎನ್ನುವುದು ರೂಢಿಯಾಯಿತು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಲಲಿತಾಳ ಎದೆ ಒಂದಿಷ್ಟು ಉಬ್ಬುತ್ತಿತ್ತು.

ಹೀಗಿರುವಾಗ ಮುಬಾಶಿರಾ ಬಂದಳು. ಗಂಡನದು ಬಸ್ ನಿಲ್ದಾಣದ ಹತ್ತಿರ ಬಳೆ ಅಂಗಡಿ. ಮಗಳು ಅಫ್ರೀನಳಿಗೆ ನಾಲ್ಕು ವರ್ಷ. ಅವಳಿಗೂ ಸಿದ್ದೇಶನದೇ ತೊಂದರೆ. ಮೊದಲ ದಿನ ಮುಬಾಶಿರಾ ಬಾಗಿಲಲ್ಲೇ ನಿಂತು ಬಿಕ್ಕಿದಾಗ ಕೈ ಹಿಡಿದು ಒಳಗೆ ಕೂರಿಸಿಕೊಂಡವಳು ಲಲಿತಾಳೇ. ಆಸ್ಪತ್ರೆಯಲ್ಲಿ ತಾನು ಕಲಿತ ಹಾಗೆ ಚಿತ್ರ ತೋರಿಸಿ ಮಾತು ಕಲಿಸುವುದು ಹೇಗೆಂದು ಹೇಳಿಕೊಟ್ಟವಳೂ ಅವಳೇ.

ಒಂದು ಶನಿವಾರ ಎಲ್ಲರೂ ಚಹಾ ಕುಡಿಯುತ್ತಿದ್ದಾಗ ಅಫ್ರೀನ ಕಿನ್ನಾಳದ ಕಟ್ಟಿಗೆ ಗಿಳಿಯನ್ನು ಎತ್ತಿ ಹಿಡಿದು, "ತೋತಾ" ಎಂದಳು. ಸ್ಪಷ್ಟವಾಗಿ, ಎಲ್ಲರಿಗೂ ಕೇಳುವಂತೆ.

ಗೋದಾಮಿಗೆ ಗೋದಾಮೇ ಚಪ್ಪಾಳೆ ಹೊಡೆಯಿತು. ಲಲಿತಾಳೂ ಹೊಡೆದಳು. ಆ ಸದ್ದಿಗೆ ಸಿದ್ದೇಶ ಕಿವಿ ಮುಚ್ಚಿಕೊಂಡು ಮೂಲೆಗೆ ಓಡಿದ. ಅವನ ಹಿಂದೆ ಹೋಗಿ ಗೋಡೆಗೆ ಮುಖ ಮಾಡಿ ಕೂತ ಲಲಿತಾಳ ಹೊಟ್ಟೆಯಲ್ಲಿ ಯಾರೋ ಕೆಂಡ ಸುರುವಿದಂತಾಯಿತು. ತನ್ನ ಚಿತ್ರ, ತನ್ನ ಪಾಠ. ಮಾತು ಮಾತ್ರ ಇನ್ನೊಬ್ಬಳ ಮನೆಗೆ!

ಮುಂದೆ ಅದು ಬೆಳೆಯುತ್ತಲೇ ಹೋಯಿತು. ಅಫ್ರೀನ "ಅಮ್ಮಿ" ಎಂದಳು, "ಪಾನಿ" ಎಂದಳು. ಹೊಸಬರು ಬಂದರೆ ಸೀದಾ ಮುಬಾಶಿರಾಳ ಪಕ್ಕ ಕೂರತೊಡಗಿದರು. "ಲಲಿತಕ್ಕನ್ನ ಕೇಳ್ರಿ" ಹೋಗಿ "ಮುಬಾಶಿರಾನ್ನ ಕೇಳ್ರಿ" ಆಯಿತು. ಮನೆಯಲ್ಲಿ ಲಲಿತಾ ಸಿದ್ದೇಶನ ಗದ್ದ ಹಿಡಿದು, "ಒಮ್ಮೆರ ಅನ್ನೋ, ಅವ್ವಾ ಅನ್ನೋ" ಎಂದು ಅಲುಗಾಡಿಸಿದಳು. ಹುಡುಗ ಬೆದರಿ ಅವಳ ಕೈ ಕಚ್ಚಿದ.

ಗೋದಾಮಿನ ಕೀಲಿ ಅವಳ ಹತ್ತಿರವೇ ಇತ್ತು. ಆ ವಾರ ಅವಳು ಎಲ್ಲರಿಗೂ ಫೋನ್ ಮಾಡಿ, ಕೂಟ ಇನ್ನು ಗುರುವಾರ ಎಂದಳು. ಮುಬಾಶಿರಾಳಿಗೆ ಮಾಡಲಿಲ್ಲ. ಗುರುವಾರ ಯಾರೋ ವಿಚಾರಿಸಿದರೆ, "ಆಕಿಗೆ ಪುರುಸೊತ್ತಿಲ್ಲಂತ" ಎಂದಳು. ಕರಿಯವ್ವ ಮುಖ ಎತ್ತಿ ನೋಡಿದಳು.

ಶನಿವಾರ ಊಟಕ್ಕೆ ಬಂದ ಮಲ್ಲೇಶ, "ಮುಬಾಶಿರಾ ಗೋದಾಮಿನ ಮುಂದ ಬಿಸಿಲಾಗ ಕುಂತಾಳಲ್ಲ, ಕೀಲಿ ಯಾಕ ಹಾಕೀದಿ?" ಎಂದ.

ಲಲಿತಾ ಚಪ್ಪಲಿ ಮೆಟ್ಟಿ ನಡೆದಳು. ದಾರಿಯುದ್ದಕ್ಕೂ ಸುಳ್ಳು ಹೊಂದಿಸಿದಳು. ಮುಬಾಶಿರಾ ಅದಕ್ಕೆ ಆಸ್ಪದವನ್ನೇ ಕೊಡಲಿಲ್ಲ.

"ಗುರುವಾರ ಅಂತ ಕರಿಯವ್ವ ನನಗ ಆಗ್ಲೇ ಹೇಳಿದ್ಲು ಅಕ್ಕಾ. ನೀವ್ ಕರೀಲಾರದ ನಾ ಹೆಂಗ ಬರ್ಲಿ? ನೀವ್ ಕರೆದಿದ್ದು ಶನಿವಾರ, ಅದಕ್ಕ ಶನಿವಾರನ ಬಂದೆ. ನಾ ಏನ್ ತಪ್ಪ ಮಾಡೀನಿ, ಹೇಳ್ರಿ."

"ತಪ್ಪು ನಿಂದಲ್ಲ. ನಿನ್ನ ಮಗಳು ಮಾತಾಡಿದ್ದು ನನಗ ತಡಕೊಳ್ಳಾಕ ಆಗಲಿಲ್ಲ" ಎಂದಳು ಲಲಿತಾ.

"ಹಂಗಂತ ನನ್ನ ಮಗಳು ಮೂಕಿ ಆಗೇ ಇರಬೇಕೇನ್ರಿ?" ಎನ್ನುತ್ತ ಮುಬಾಶಿರಾ ಮಗಳನ್ನೆತ್ತಿಕೊಂಡು ಹೊರಟೇಹೋದಳು.

ಮುಂದಿನ ಗುರುವಾರ ಲಲಿತಾ ನಡೆದದ್ದನ್ನೆಲ್ಲ ಎಲ್ಲರೆದುರು ಹೇಳಿದಳು. ಕರಿಯವ್ವ ಮಗಳನ್ನು ತೊಡೆಯ ಮೇಲೆ ಸರಿಪಡಿಸಿಕೊಳ್ಳುತ್ತ ಬಾಯಿ ತೆರೆದಳು.

"ನಿನ್ನ ಸಿದ್ದೇಶ ಓಡಾಡೂದು ನೋಡಿದಾಗೆಲ್ಲ ನನ್ನ ಹೊಟ್ಟಿ ಉರೀತಿತ್ತು ಅಕ್ಕಾ. ಈಗೂ ಉರೀತೈತಿ. ಕಚ್ಚಲಿ, ಚೀರಲಿ, ತನ್ನ ಕಾಲ ಮ್ಯಾಲ ತಾ ಹೋಗ್ತಾನಲ್ಲ! ನಿನಗ ಹೇಳಾಕ ಬಾಯಿ ಬರಲಿಲ್ಲ."

ಲಲಿತಾ ಅವಳನ್ನೇ ನೋಡುತ್ತ ಕೂತಳು. ಇಷ್ಟು ದಿನ ತನ್ನ ಚಹಾ ಕುಡಿದು, ತನ್ನ ಪಕ್ಕದಲ್ಲೇ ಕೂತು, ಒಳಗೊಳಗೇ ಬೆಂದವಳು! ತನ್ನ ಮಗನನ್ನೂ ನೋಡಿ ಹೊಟ್ಟೆ ಉರಿದುಕೊಳ್ಳುವವರು ಇದ್ದಾರೆಂಬುದು ಅವಳಿಗೆ ಕನಸಿನಲ್ಲೂ ಹೊಳೆದಿರಲಿಲ್ಲ. ಮತ್ತೊಬ್ಬಳು ತನ್ನ ಹೊಟ್ಟೆಯುರಿಯನ್ನು ಹೇಳಿದಳು, ಆಮೇಲೆ ಇನ್ನೊಬ್ಬಳು.

ಕೂಟ ಮತ್ತೆ ಶನಿವಾರಕ್ಕೆ ಬಂತು. ಲಲಿತಾ ಬಳೆ ಅಂಗಡಿಗೆ ತಾನೇ ಹೋಗಿ ಕರೆದಳು. ಮುಬಾಶಿರಾ ಒಮ್ಮೆಲೇ ಬರಲಿಲ್ಲ. ಬಂದ ಮೇಲೂ ಬಹಳ ದಿನ ದೂರವೇ ಕೂತಳು. ಸಿದ್ದೇಶ ಇನ್ನೂ ಮಾತಾಡಿಲ್ಲ. ಅಫ್ರೀನ ಅಂಗನವಾಡಿಗೆ ಹೋಗುತ್ತಾಳೆ, ಗೋದಾಮಿಗೆ ಬಂದರೆ ಬಾಯಿ ಮುಚ್ಚುವುದಿಲ್ಲ. ಮೊನ್ನೆ ಲಲಿತಾಳ ಸೆರಗು ಜಗ್ಗಿ, "ಲಲಿತಮ್ಮಾ, ಬಿಸ್ಕೀಟ್ ಕೊಡ್ರಿ" ಎಂದಳು. ಲಲಿತಾಳಿಗೆ ಒಳಗೆ ಚುರ್ ಎಂದಿತು. ಎರಡು ಬಿಸ್ಕೀಟು ತೆಗೆದು ಕೊಟ್ಟು, ಮುಬಾಶಿರಾಳ ಕಡೆ ತಿರುಗಿ, "ಇವತ್ತೂ ಉರೀತು ನೋಡವಾ" ಎಂದಳು.

"ಉರೀಲಿ ಬಿಡ್ರಿ ಅಕ್ಕಾ" ಎಂದು ಮುಬಾಶಿರಾ ಪಕ್ಕಕ್ಕೆ ಸರಿದು ಜಾಗ ಮಾಡಿದಳು.